ಮುಕ್ತಾ, ಇದನ್ನು ಅಕ್ಕನಿಗೆ ಓದಿ ಹೇಳು

ಹೊನ್ನಾವರ, ಬಂದರು ರಸ್ತೆ.
ತಾರೀಕು ಗೊತ್ತಿಲ್ಲ. ನಿನ್ನೆ ಏಕಾದಶಿ,
ಗಿರಾಕಿ ಕಮ್ಮಿ ಎಂದು ಚಾ ಅಂಗಡಿಯವ ಗೊಣಗುತ್ತಿದ್ದ.

ಗುಲಾಬಕ್ಕಾ,
ನಮ್ಮ ಮನೆಮಾತಿಗೆ ಶಾಲೆ ಅಕ್ಷರ ಕೊಡಲಿಲ್ಲ.
ನಾನು ಕನ್ನಡದಲ್ಲಿ ಬರೆಯುತ್ತೇನೆ, ಮುಕ್ತಾ ಅದನ್ನು
ಕೊಂಕಣಿಗೆ ಮಗುಚಿ ನಿನ್ನ ಕಿವಿಗೆ ಹಾಕುತ್ತಾಳೆ,
ದೋಸೆ ಮಗುಚಿದ ಹಾಗೆ.
ಒಂದೆರಡು ಕಡೆ ಹರಿದರೆ ಬೈಯಬೇಡ.

ಮೂವತ್ತು ರೂಪಾಯಿ ಮನಿಆರ್ಡರ್ ಮಾಡಿದ್ದೇನೆ.
ನಲವತ್ತು ಅಂದಿದ್ದೆ. ಹತ್ತು ರೀಡಿಗೆ ಹೋಯಿತು.
ರೀಡು ಅಂದರೆ ಕ್ಲಾರಿಯೊನೆಟ್ಟಿನ ನಾಲಿಗೆ,
ಊದುವ ಮೊದಲು ಬಾಯಲ್ಲಿಟ್ಟು ನೆನೆಸಬೇಕು.
ಮದುವೆಮನೆಯಲ್ಲಿ ಎಲ್ಲರೂ ಉಣ್ಣುವಾಗ
ನಮ್ಮ ಬಾಯಲ್ಲಿ ಇರುವುದು ಅದೇ.
(ಮುಕ್ತಾ, ಈ ಸಾಲು ಬಿಟ್ಟು ಓದು.
ಓದಿಯಾಗಿದ್ದರೆ, ನಗುತ್ತಾ ಬರೆದಿದ್ದಾನೆ ಅನ್ನು.)

ಕುಮಟೆಯಲ್ಲಿ ಎರಡು ಮದುವೆ,
ದೇವಿಮನೆ ಘಟ್ಟ ಹತ್ತಿ ಶಿರಸಿಯಲ್ಲಿ ಒಂದು.
ಲಾರಿಯ ಹಿಂದೆ ನಾನು, ನನ್ನ ಮೇಲೆ ದೊಡ್ಡ ಡೋಲು,
ತಿರುವು ಬಂದಾಗಲೆಲ್ಲ ಎದೆಗೆ ಒಂದು ಗುದ್ದು.
ಕೆಂಪು ಕೋಟು ಕೊಟ್ಟಿದ್ದಾರೆ, ಮೊದಲಿದ್ದವನದ್ದು,
ಅವನ ತೋಳು ಉದ್ದ, ಬೆರಳು ಹುಡುಕಿ ಹೊರತೆಗೆಯಬೇಕು.
ಬೋರ್ಡಿನಲ್ಲಿ ‘ಇನಾಸ ಮಾಸ್ತರ ಮತ್ತು ಸಂಗಡಿಗರು’.
ಹುಡುಕಿದೆ, ಅಕ್ಕಾ. ನಾನು ‘ಮತ್ತು’ವಿನ ಆಚೆ ಇದ್ದೇನೆ,
‘ಸಂ’ನ ಸೊನ್ನೆಯೊಳಗೆ ಮುದುರಿಕೊಂಡು.

ಶಿರಸಿಯಲ್ಲಿ ಮಾಸ್ತರರಿಗೆ ಜ್ವರ.
‘ಪುರ್ಸು, ಊಟ ಮುಗಿಯೋವರೆಗೆ ಏನಾದರೂ ಊದು’ ಅಂದರು.
ಗೊತ್ತಿದ್ದ ಸಿನಿಮಾ ಹಾಡು ಮೂರೂ ಮುಗಿದವು,
ಪಂಕ್ತಿ ಇನ್ನೂ ತಂಬುಳಿ ದಾಟಿರಲಿಲ್ಲ.
ಏನು ಮಾಡಲಿ? ನಿನ್ನ ಕೂಗು ಊದಿದೆ.
ಬೈತಖೋಲ ದಂಡೆಯಲ್ಲಿ ಲಿಲಾವಿಗೆ ನಿಂತು
‘ಹನ್ನೆರಡೂ, ಹನ್ನೆರಡೂವರೇ’ ಎಂದು ಏರಿಸುತ್ತೀಯಲ್ಲ,
ಯಾರೂ ಮೇಲೆ ಬರದಿದ್ದಾಗ
ಬುಟ್ಟಿಯನ್ನೇ ಸಮಾಧಾನ ಮಾಡುವಂತೆ
ಕೊನೆಗೊಮ್ಮೆ ಉಸಿರು ಕೆಳಗಿಳಿಸುತ್ತೀಯಲ್ಲ, ಅದು.
ಮೀನು ಮುಟ್ಟದವರ ಚಪ್ಪರದಲ್ಲಿ
ನೂರು ಬುಟ್ಟಿ ಬಂಗಡೆ ಮಾರಿದೆ,
ಯಾರಿಗೂ ವಾಸನೆ ಬರಲಿಲ್ಲ!

ಹಿತ್ತಿಲಲ್ಲಿ ಸೌತೆ ಹೆಚ್ಚುತ್ತಿದ್ದ ಹೆಂಗಸು ಮಾತ್ರ
ಈಳಿಗೆಮಣೆಯ ಮೇಲೆ ಕೈ ನಿಲ್ಲಿಸಿದಳು.
ಎಷ್ಟು ಹೊತ್ತು ಅಂದರೆ,
ಯಾರೋ ಬಂದು ಬೈದರು.

ಆಮೇಲೆ ಒಬ್ಬರು, ಬಿಳಿ ಪಂಚೆ, ಜೇಬಿನಲ್ಲಿ ಎರಡು ಪೆನ್ನು,
‘ಅದು ಯಾವ ರಾಗ’ ಎಂದು ಕೇಳಿದರು.
‘ನಮ್ಮ ಮನೆಯದು’ ಅಂದೆ.
ಹೆಸರು ಕೇಳಿ ಲಗ್ನಪತ್ರಿಕೆಯ ಹಿಂದೆ
‘ಪುರುಷೋತ್ತಮ’ ಎಂದು ಬರೆದುಕೊಂಡರು.
ಧಾರವಾಡಕ್ಕೆ ಬಾ, ಕಾಗದ ಹಾಕುತ್ತೇನೆ ಅಂದರು.
ಹಾಕಲಿಕ್ಕಿಲ್ಲ. ಹಾಕಿದರೂ
ಆ ಪುರುಷೋತ್ತಮ ಎಂಬವ ಯಾರೋ,
ಅವನ ವಿಳಾಸ ನನ್ನ ಹತ್ತಿರ ಇಲ್ಲ.

ಅಪ್ಪನಿಗೆ ಇದು ಹೇಳಬೇಡ.
ದೋಣಿಯಲ್ಲಿ ಸೀಟಿ ಹಾಕಿದರೆ ಗಾಳಿ ತಿರುಗುತ್ತದೆ ಎಂದು
ಹುಟ್ಟಿನಿಂದ ಹೊಡೆದವನು ಅವನು.
ಈಗ ದಿನವೆಲ್ಲ ಊದುತ್ತೇನೆ. ಅವನ ಬಲೆ
ಖಾಲಿ ಬಂದ ದಿನ ನನ್ನ ನೆನಪಾಗುತ್ತದೆಯೋ ಏನೋ.

ನಿನ್ನ ಮೂಗುಬೊಟ್ಟು ಬಿಡಿಸುವಷ್ಟು ಇನ್ನೂ ಆಗಿಲ್ಲ.
(ಮುಕ್ತಾ, ಇದು ಮೆಲ್ಲಗೆ. ಆದರೆ ಬಿಡಬೇಡ, ಓದು.)
ಆ ತೂತಿಗೆ ಬೇವಿನ ಕಡ್ಡಿ ಇಟ್ಟುಕೋ,
ಮುಚ್ಚಿಹೋಗದ ಹಾಗೆ.

ಇವತ್ತು ರಾತ್ರಿ ಭಟ್ಕಳ. ಮಾಸ್ತರರು ಎದ್ದು ಕುಳಿತಿದ್ದಾರೆ,
ಹಾಗಾಗಿ ನಾನು ಮತ್ತೆ ಸೊನ್ನೆಯೊಳಗೆ.
ಲಾರಿಯವ ಹಾರ್ನ್ ಒತ್ತುತ್ತಿದ್ದಾನೆ, ಅದೂ ಶ್ರುತಿ ತಪ್ಪಿ.

ಜಾಗ ಮುಗಿಯಿತು. ಈಗ ಬರೆಯುತ್ತಿರುವುದು
ಗೋಂದು ಹಚ್ಚುವ ಪಟ್ಟಿಯ ಮೇಲೆ,
ಒಡೆಯುವಾಗ ಅರ್ಧ ಹರಿದುಹೋಗುತ್ತದೆ.
ಆದ್ದರಿಂದ ಇಲ್ಲಿ ಮುಖ್ಯವಾದದ್ದೇನೂ ಇಲ್ಲ, ಮುಕ್ತಾ,
ಇದನ್ನೆಲ್ಲ ಓದುವಾಗ ನಿನ್ನ ದನಿ
ಹೇಗಿರುತ್ತದೆ ಎಂದು ನಿನ್ನೆ ಸೇತುವೆಯ ಕೆಳಗೆ
ಒಬ್ಬನೇ ಕೂತು ಊದಿ ನೋ